ಗಡಿಯ ಕಲ್ಲು, ಗಣಿಯ ಹೊನ್ನು

ಗಡಿಯನ್ನು ಅಳೆಯಬಂದವನು ಚಿನ್ನವನ್ನು ಕಂಡ ಕಥೆಯೊಂದು ನಮ್ಮ ಕೋಲಾರದ ನೆಲದಲ್ಲಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಮೈಸೂರು ಸಂಸ್ಥಾನದ ಎಲ್ಲೆಗಳನ್ನು ಹೊಸದಾಗಿ ಗುರುತಿಸಬೇಕಾಯಿತು. ೧೮೦೨ರಲ್ಲಿ ಪೂರ್ವದ ಗಡಿಯನ್ನು ಅಳೆಯುತ್ತ, ಈಗಿನ ಬಂಗಾರಪೇಟೆಯ ಸೀಮೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ನನ ಕಿವಿಗೆ ಚಿನ್ನದ ಸುದ್ದಿ ಬಿದ್ದಿತು. ತೋರಿಸಿದವರಿಗೆ ಬಹುಮಾನವೆಂದು ಸಾರಿದನು. ಉರಿಗಾಂ ಹಳ್ಳಿಯವರು ಬಂಡಿಗಳಲ್ಲಿ ಮಣ್ಣು ತಂದು ಅವನೆದುರಿಗೇ ಜಾಲಿಸಿದರು. ಹೊನ್ನಿನ ಕಣಗಳು ಮಿನುಗಿದುವು!

ಮುಂದೆ ಅಲ್ಲಿಯೇ ಗಣಿಗಳು ಮೂರು ಸಾವಿರ ಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು, ೨೦೦೧ರಲ್ಲಿ ಮುಚ್ಚಿಹೋದುವು. ಅಳೆದವನ ಹೆಸರು ಚರಿತ್ರೆಯಲ್ಲಿ ನಿಂತಿತು. ಮಣ್ಣನ್ನು ಜಾಲಿಸಿ ತೋರಿದವರು ಬರಿಯ ‘ಹಳ್ಳಿಗರು’ ಆಗಿಯೇ ಉಳಿದರು. ನೆಲದ ಗುಟ್ಟಾದರೋ, ವಾಚಕರೇ, ಮೊದಲು ತಿಳಿದಿದ್ದುದು ಅವರಿಗೇ.