ಹೃದಯದೊಳಗಣ ಗೆಡ್ಡೆ

ಕಳೆದ ಮಳೆಗಾಲದಲ್ಲಿ ನಮ್ಮ ಜಡೆಯ ನೆರೆಮನೆಯ ಸೊಸೆಗೆ ವಿಚಿತ್ರವಾದ ಬಾಧೆಯುಂಟಾಯಿತು. ಮಲಗಿದರೆ ಸುಖ, ಎದ್ದು ಕುಳಿತರೆ ಏದುಸಿರು. ಎರಡು ಸಲ ಒಲೆಯ ಮುಂದೆಯೇ ಮೂರ್ಛೆಹೋದಳು. ಕೆಲವರು ಉಬ್ಬಸವೆಂದರು, ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿದರು. ನಾವೂ ನಿಶ್ಶಕ್ತಿಯೆಂದು ಬಗೆದು ಕಷಾಯವನ್ನು ಸೂಚಿಸಿದವರೇ! ಹೀಗೆ ಎರಡು ತಿಂಗಳು ವ್ಯರ್ಥವಾದುವು. ಕಡೆಗೆ ಬೆಂಗಳೂರಿಗೆ ಕರೆದೊಯ್ದಾಗ ಆಕೆಯ ಹೃದಯದಲ್ಲಿ ಗೆಡ್ಡೆ ಬೆಳೆದಿರುವುದು ತಿಳಿದುಬಂದಿತು. ಆದಕಾರಣ ಈ ತಿಂಗಳು ಅದರ ವಿಚಾರವನ್ನೇ ಬರೆಯುತ್ತೇವೆ.

ಗೆಡ್ಡೆಗೆ ಸುಶ್ರುತಸಂಹಿತೆಯಲ್ಲಿ ಅರ್ಬುದವೆಂದು ಹೆಸರು. ಅದು ಹೃದಯದಲ್ಲಿಯೇ ಹುಟ್ಟುವುದು ಅತಿ ವಿರಳ. ಅನ್ಯ ಅಂಗದ ಕ್ಯಾನ್ಸರು ಅಲ್ಲಿಗೆ ಹಬ್ಬುವುದೇ ಹೆಚ್ಚು. ಹೃದಯದಲ್ಲಿಯೇ ಹುಟ್ಟಿದವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರಲ್ಲ. ದೊಡ್ಡವರಲ್ಲಿ ಇವುಗಳ ಪೈಕಿ ಹೆಚ್ಚಾಗಿ ಕಾಣುವುದು ಮಿಕ್ಸೋಮ. ಅದು ಬಹುಮಟ್ಟಿಗೆ ಎಡ ಹೃತ್ಕರ್ಣದಲ್ಲಿ, ತೊಟ್ಟಿಗೆ ತೂಗುವ ಕಾಯಿಯಂತೆ ಬೆಳೆಯುವುದು.

ಬೃಹದಾರಣ್ಯಕೋಪನಿಷತ್ತು 'ಹೃದಯ' ಶಬ್ದದ ಮೂರಕ್ಷರಗಳನ್ನು ತರುವುದು, ಕೊಡುವುದು, ಹೋಗುವುದು ಎಂದು ಬಿಡಿಸುತ್ತದೆ. ರಕ್ತವನ್ನು ತಂದು ಕೊಡುವ ಈ ಅಂಗದ ಬಾಗಿಲಿಗೆ ಗೆಡ್ಡೆ ಅಡ್ಡಬಂದರೆ ರಕ್ತ ಹೋಗುವ ದಾರಿಯೇ ಕಟ್ಟುವುದು. ಏದುಸಿರು, ಮೂರ್ಛೆಗಳಿಗೆ ಇದೇ ಕಾರಣ. ಮೈ ತಿರುಗಿದಂತೆ ಗೆಡ್ಡೆಯೂ ಜರುಗುವುದರಿಂದ ಬಾಧೆಯು ಏರಿಳಿಯುತ್ತದೆ. ಕೆಲವರಿಗೆ ಬಿಡದ ಜ್ವರ, ಮೈ ಇಳಿಯುವಿಕೆಗಳೂ ಉಂಟು. ಗೆಡ್ಡೆಯ ಚೂರು ಕಳಚಿ ಮಿದುಳನ್ನು ಸೇರಿದರೆ ಪಾರ್ಶ್ವವಾಯುವಾದೀತು, ತಡಮಾಡಬಾರದೆಂಬುದು ಇದರಿಂದಲೇ.

ಶಬ್ದತರಂಗಗಳಿಂದ ಹೃದಯವನ್ನು ಕಾಣಿಸುವ ಎಕೋ ಪರೀಕ್ಷೆಯಿಂದ ಇದು ಗೊತ್ತಾಗುವುದು, ನೋವೇನೂ ಇಲ್ಲ. ಮಿಕ್ಸೋಮವು ಔಷಧಕ್ಕೆ ಕರಗತಕ್ಕದ್ದಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ರಕ್ತಸಂಚಾರವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಗೆಡ್ಡೆಯನ್ನು ಬುಡಸಹಿತ ತೆಗೆಯುತ್ತಾರೆ. ೧೯೫೪ರಲ್ಲಿ ಸ್ವೀಡನ್ನಿನ ಕ್ರಾಫೂರ್ಡ್ ಎಂಬ ವೈದ್ಯರು ಇದನ್ನು ಮೊದಲು ಸಾಧಿಸಿದರು. ಮಿಕ್ಸೋಮ ಮರಳುವುದು ಅಪರೂಪವಾದರೂ ಆಗಾಗ್ಗೆ ಎಕೋ ಮಾಡಿಸುತ್ತಿರಬೇಕು. ಕ್ಯಾನ್ಸರಾಗಿದ್ದರೆ ಮಾತ್ರ ಚಿಕಿತ್ಸೆ ಕಠಿನ. ಮಕ್ಕಳ ಹೃದಯದ ಕೆಲವು ಗೆಡ್ಡೆಗಳು ತಾವಾಗಿಯೇ ಕುಗ್ಗುವುದುಂಟು. ಅದನ್ನು ನಿರ್ಣಯಿಸತಕ್ಕವರೂ ವೈದ್ಯರೇ.

ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿರುವುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು.

ನೆರೆಮನೆಯ ಆ ಮಗಳು ಗುಣಹೊಂದಿ ಮನೆಗೆ ಬಂದಿದ್ದಾಳೆ. ಮೊನ್ನೆ ನಮಗೆ ಮಜ್ಜಿಗೆ ಕೊಟ್ಟು, "ಮೇಷ್ಟ್ರೆ, ಈಗ ಕಷಾಯ ಬೇಡವಷ್ಟೆ?" ಎಂದು ನಕ್ಕಳು. ನಾವು ತಲೆ ತಗ್ಗಿಸಿದೆವು. ರೋಗಕ್ಕೆ ಮನೆಯ ಜಗಲಿಯಲ್ಲಿ ಕುಳಿತು ಹೆಸರಿಡುವುದು ಸುಲಭ. ಅದರ ಫಲವನ್ನು ಉಣ್ಣುವವರು ಒಳಗೆ ಮಲಗಿರುವವರು.