ಓದಿದುದನ್ನೇ ಓದುವುದು

ಓದಿ ಮುಗಿಸಿದ ಪುಸ್ತಕವನ್ನೇ ಮಕ್ಕಳು ಮರಳಿ ಕೈಗೆತ್ತಿಕೊಂಡರೆ ಹಿರಿಯರು ಗದರಿಸುವುದುಂಟು. "ಕಥೆಯೆಲ್ಲ ಗೊತ್ತಿದೆಯಲ್ಲ, ಮತ್ತೇಕೆ ಅದನ್ನೇ ಹಿಡಿದು ಕುಳಿತೆ?" ಎಂದು ಅವರು ಕೇಳುತ್ತಾರೆ. ಪುಸ್ತಕವೆಂಬುದು ಕಬ್ಬಿನ ಜಲ್ಲೆಯಂತೆ. ಒಮ್ಮೆ ರಸವನ್ನು ಹೀರಿದ ಮೇಲೆ ಉಳಿಯುವುದು ಬರಿಯ ಹಿಪ್ಪೆ ಎಂಬ ನಂಬಿಕೆಯು ಈ ಪ್ರಶ್ನೆಯ ಹಿಂದಿದೆ. ಈ ನಂಬಿಕೆ ಸರಿಯೇ? ಇದನ್ನು ಪರೀಕ್ಷಿಸಲು ಬಹಳ ಉದ್ದವಾದ ಒಂದು ಕಥೆಯನ್ನೇ ಆರಿಸಿಕೊಳ್ಳುವುದು ಒಳಿತು. ಪುಸ್ತಕವು ಉದ್ದವಾದಷ್ಟೂ ಅದನ್ನು ಮರಳಿ ಓದುವುದಕ್ಕೆ ವ್ಯಯವಾಗುವ ಕಾಲವೂ ಹೆಚ್ಚು. ಆದುದರಿಂದ ಲಾಭನಷ್ಟಗಳ ಲೆಕ್ಕವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ಜೇಮ್ಸ್ ಆಲಿವರ್ ರಿಗ್ನಿ (1948–2007) ಎಂಬ ಲೇಖಕರು ರಾಬರ್ಟ್ ಜೋರ್ಡನ್ ಎಂಬ ಹೆಸರಿನಿಂದ ಪ್ರಸಿದ್ಧರು. ಅವರು ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದವರು. ಬಳಿಕ ಭೌತವಿಜ್ಞಾನವನ್ನು ಅಭ್ಯಾಸ ಮಾಡಿದವರು. 1990ರಲ್ಲಿ ಅವರು 'ದಿ ವ್ಹೀಲ್ ಆಫ್ ಟೈಮ್', ಎಂದರೆ 'ಕಾಲಚಕ್ರ', ಎಂಬ ಅದ್ಭುತ ಕಥಾಮಾಲೆಯ ಮೊದಲ ಸಂಪುಟವನ್ನು ಪ್ರಕಟಿಸಿದರು. ಲೋಕವನ್ನೇ ನುಂಗಲು ಹವಣಿಸುವ ಒಂದು ಕೇಡಿನ ಶಕ್ತಿಯನ್ನು ಸಣ್ಣ ಹಳ್ಳಿಯೊಂದರ ತರುಣ ತರುಣಿಯರು ಎದುರಿಸಬೇಕಾಗಿ ಬಂದುದೇ ಅದರ ಕಥಾವಸ್ತು. ಕಾಲವು ಚಕ್ರದಂತೆ ಉರುಳುತ್ತದೆ, ಕಳೆದುಹೋದ ಯುಗಗಳು ಮರಳಿ ಬರುತ್ತವೆ ಎಂಬ ಕಲ್ಪನೆ ಅದರ ತಳಹದಿ. ಯುಗಗಳ ಆವರ್ತನೆಯ ಮಾತನ್ನು ಬಾಲ್ಯದಿಂದಲೂ ಕೇಳಿ ಬಲ್ಲ ನಮಗೆ ಇದು ಅಪರಿಚಿತವಾದುದಲ್ಲ. ಈ ಮಾಲೆಯ ಕೊನೆಯ ಸಂಪುಟವು ಹೊರಬಂದುದು 2013ರಲ್ಲಿ. ಒಟ್ಟು 14 ಸಂಪುಟಗಳು, ಅವುಗಳ ಜೊತೆಗೆ ಒಂದು ಪೂರ್ವಕಥೆ. ಎಲ್ಲವೂ ಸೇರಿ ಸುಮಾರು 44 ಲಕ್ಷ ಪದಗಳು.

ಹೀಗೆ 23 ವರ್ಷಗಳ ಕಾಲ ಹಬ್ಬಿದ ಕಥೆಯನ್ನು ಜನರು ಓದಿದ ಬಗೆ ವಿಶೇಷವಾದುದು. ಹೊಸ ಸಂಪುಟವು ಬರಲಿದೆಯೆಂದು ತಿಳಿದೊಡನೆ ಅನೇಕರು ಮೊದಲನೆಯ ಸಂಪುಟದಿಂದಲೇ ಮರಳಿ ಓದಲು ತೊಡಗುತ್ತಿದ್ದರು. ಇದಕ್ಕೆ ಮರೆವು ಒಂದು ಕಾರಣ. ಆದರೆ ಮರಳಿ ಓದಿದವರಿಗೆ, ಮರೆತುಹೋದ ಸಂಗತಿಗಳಷ್ಟೇ ಅಲ್ಲದೆ, ಮೊದಲ ಸಲ ಕಣ್ಣಿಗೇ ಬೀಳದಿದ್ದ ಸಂಗತಿಗಳೂ ಗೋಚರಿಸಿದವು. ಒಂದು ಉದಾಹರಣೆಯನ್ನು ನೋಡಬಹುದು. ಮೊದಲನೆಯ ಸಂಪುಟದಲ್ಲಿ ಮಿನ್ ಎಂಬ ಹುಡುಗಿಗೆ, ಜನರ ಸುತ್ತ ಅವರ ಭವಿಷ್ಯವನ್ನು ಸೂಚಿಸುವ ಚಿತ್ರಗಳು ಕಾಣುತ್ತವೆ. ಮ್ಯಾಟ್ ಎಂಬ ತರುಣನ ಸುತ್ತ ಆಕೆಗೆ ಕಂಡ ಚಿತ್ರಗಳಲ್ಲಿ ತಕ್ಕಡಿಯ ಮೇಲಿನ ಕಣ್ಣು ಒಂದು. ಕಥೆಯ ಓಟದಲ್ಲಿರುವ ವಾಚಕನು ಆ ಮಾತನ್ನು ಗಮನಿಸದೆ ದಾಟಿಬಿಡುತ್ತಾನೆ. 2010ರಲ್ಲಿ ಪ್ರಕಟವಾದ 13ನೆಯ ಸಂಪುಟದಲ್ಲಿ ಅದೇ ಮ್ಯಾಟ್, ಸೆರೆಯಲ್ಲಿದ್ದ ಒಬ್ಬಾಕೆಯನ್ನು ಬಿಡಿಸಲು ತನ್ನ ಒಂದು ಕಣ್ಣನ್ನೇ ಬೆಲೆಯಾಗಿ ತೆರುತ್ತಾನೆ. 20 ವರ್ಷಗಳ ಹಿಂದೆ ಬಿತ್ತಿದ ಬೀಜವು ಮೊಳೆತುದನ್ನು ಕಾಣುವ ಸಂತೋಷವು ಮರಳಿ ಓದಿದವರಿಗೆ ಮಾತ್ರ ದೊರೆಯತಕ್ಕದ್ದು.

ಪಾತ್ರಗಳ ವಿಷಯದಲ್ಲಿಯೂ ಹೀಗೆಯೇ. ನೈನೀವ್ ಎಂಬ ಹಳ್ಳಿಯ ವೈದ್ಯೆಯು ಮೊದಲ ಓದಿನಲ್ಲಿ ಬರಿಯ ಕೋಪಿಷ್ಠೆಯಾಗಿ ತೋರಬಹುದು. ಎರಡನೆಯ ಓದಿನಲ್ಲಿ, ತನ್ನ ಊರಿನ ಮಕ್ಕಳಿಗೆ ಕೇಡಾಗಬಾರದೆಂದು ಒಬ್ಬಂಟಿಯಾಗಿ ಅವರ ಜಾಡು ಹಿಡಿದು ಹೊರಟ ಧೀರೆಯೂ ಅವಳೇ ಎಂಬುದು ಮನದಟ್ಟಾಗುತ್ತದೆ. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದವನು ವಾಚಕನು.

ಇಷ್ಟು ದೊಡ್ಡ ಕಥೆಯು ಒಬ್ಬನ ನೆನಪಿನಲ್ಲಿ ಹಿಡಿಯಲಾರದು. ಆದುದರಿಂದ ವಾಚಕರು ಪರಸ್ಪರ ಚರ್ಚೆಗೆ ತೊಡಗಿದರು. 1993ರ ಐದನೆಯ ಸಂಪುಟದ ಕೊನೆಯ ಭಾಗದಲ್ಲಿ ಅಸ್ಮೋಡಿಯನ್ ಎಂಬವನು ಒಂದು ಬಾಗಿಲನ್ನು ತೆರೆಯುತ್ತಾನೆ; ಒಳಗಿದ್ದವರನ್ನು ಗುರುತಿಸಿ ಬೆಚ್ಚುತ್ತಾನೆ; ಆ ಕ್ಷಣದಲ್ಲಿಯೇ ಹತನಾಗುತ್ತಾನೆ. ಕೊಂದವರು ಯಾರು? ಲೇಖಕರು ಹೆಸರನ್ನು ಹೇಳಲಿಲ್ಲ. ಸುಳಿವುಗಳೆಲ್ಲ ಪುಸ್ತಕದಲ್ಲಿಯೇ ಇವೆಯೆಂದು ಹೇಳಿ ಸುಮ್ಮನಾದರು. ಅಲ್ಲಿಂದ 17 ವರ್ಷಗಳ ಕಾಲ ವಾಚಕರಲ್ಲಿ ವಾದವಿವಾದ ನಡೆಯಿತು. ಈ ವಾದದಲ್ಲಿ "ನನಗೆ ಹಾಗೆನಿಸುತ್ತದೆ" ಎಂದರೆ ಸಾಲದು. ಯಾವ ಸಂಪುಟದ ಯಾವ ಪ್ರಕರಣದಲ್ಲಿ ಅದಕ್ಕೆ ಆಧಾರವಿದೆಯೆಂದು ತೋರಿಸಬೇಕು. ಎದುರಾಳಿಯ ಆಧಾರವು ಬಲವಾದುದಾದರೆ ತನ್ನ ಮತವನ್ನು ಬಿಟ್ಟುಕೊಡಲೂ ಸಿದ್ಧನಿರಬೇಕು. ಕೊನೆಗೆ 2010ರಲ್ಲಿ, 13ನೆಯ ಸಂಪುಟದ ಹಿಂಬದಿಗೆ ಸೇರಿಸಿದ ಪದಕೋಶದಲ್ಲಿ, ಗ್ರೆಂಡಾಲ್ ಎಂಬವಳೇ ಕೊಲೆಗಾರ್ತಿಯೆಂಬ ಉತ್ತರವು ದೊರೆಯಿತು.

ಇಲ್ಲಿ ನಾವು ಒಂದು ವಿಷಯವನ್ನು ಯೋಚಿಸಬೇಕು. ಪದಕೋಶವನ್ನು ಮಾತ್ರ ನೋಡಿದವನಿಗೂ, 17 ವರ್ಷ ಹುಡುಕಿದವನಿಗೂ ದೊರೆತ ಉತ್ತರವು ಒಂದೇ. ಆದರೆ ಮೊದಲನೆಯವನಿಗೆ ದಕ್ಕಿದುದು ಒಂದು ಹೆಸರು. ಎರಡನೆಯವನಿಗೆ ದಕ್ಕಿದುದು ಓದುವ ವಿದ್ಯೆ. ಅವನ ಊಹೆಯು ಸುಳ್ಳಾಗಿದ್ದರೂ ಆ ವಿದ್ಯೆಯು ಸುಳ್ಳಾಗಲಿಲ್ಲ.

ಮರುಓದನ್ನು ಆಕ್ಷೇಪಿಸುವವರ ಮಾತಿನಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಆಯುಷ್ಯವು ಅಲ್ಪ, ಪುಸ್ತಕಗಳು ಅಪಾರ. ಒಂದರಲ್ಲಿಯೇ ಮುಳುಗಿದವನು ಉಳಿದವುಗಳಿಂದ ವಂಚಿತನಾಗುತ್ತಾನೆ. ಈ ಮಾಲೆಯೂ ದೋಷರಹಿತವಲ್ಲ. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಕಥೆಯು ಮುಂದೆ ಸಾಗುವುದೇ ಇಲ್ಲವೆಂದು ಅದರ ಅಭಿಮಾನಿಗಳೇ ಬೇಸರಪಟ್ಟರು. ಎಲ್ಲ ಪುಸ್ತಕಗಳೂ ಎರಡನೆಯ ಓದಿಗೆ ಯೋಗ್ಯವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಯಾವುದು ಯೋಗ್ಯ, ಯಾವುದು ಅಲ್ಲ ಎಂದು ತಿಳಿಯುವ ಬಗೆ ಯಾವುದು? ಮರಳಿ ಓದಲು ಕುಳಿತಾಗ ಕೆಲವು ಪುಸ್ತಕಗಳು ಹತ್ತು ಪುಟಗಳಲ್ಲಿಯೇ ಬರಿದಾಗುತ್ತವೆ, ಕೆಲವು ತುಂಬಿಕೊಳ್ಳುತ್ತವೆ. ಈ ವ್ಯತ್ಯಾಸವನ್ನು ಮೊದಲ ಓದು ತೋರಿಸಲಾರದು.

ಮರುಓದಿನ ಫಲಕ್ಕೆ ಈ ಕಥಾಮಾಲೆಯ ಚರಿತ್ರೆಯೇ ಸಾಕ್ಷಿಯಾಗಿದೆ. 2007ರಲ್ಲಿ ಜೋರ್ಡನ್ನರು ಕಥೆಯನ್ನು ಮುಗಿಸದೆಯೇ ರೋಗದಿಂದ ನಿಧನರಾದರು. ಅವರು ಬಿಟ್ಟುಹೋದುದು ಟಿಪ್ಪಣಿಗಳು ಮತ್ತು ಬಿಡಿಬಿಡಿಯಾದ ಕೆಲವು ಭಾಗಗಳು. ಅವರ ಪತ್ನಿಯೂ ಪುಸ್ತಕಗಳ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಅವರು ಕಥೆಯನ್ನು ಪೂರೈಸಲು ಬ್ರಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕರನ್ನು ಆರಿಸಿದರು. ಸ್ಯಾಂಡರ್ಸನ್ನರು ಹದಿಹರೆಯದಿಂದಲೂ ಈ ಮಾಲೆಯ ವಾಚಕರಾಗಿದ್ದವರು. ಹೊಣೆಯನ್ನು ಹೊತ್ತೊಡನೆ ಅವರು ಕೈಗೊಂಡ ಮೊದಲ ಕೆಲಸಗಳಲ್ಲಿ ಎಲ್ಲ ಸಂಪುಟಗಳನ್ನೂ ಆದಿಯಿಂದ ಮರಳಿ ಓದುವುದು ಒಂದಾಗಿತ್ತು. ಅನಂತರ 2009, 2010 ಮತ್ತು 2013ರಲ್ಲಿ ಕೊನೆಯ ಮೂರು ಸಂಪುಟಗಳು ಹೊರಬಂದವು. ಒಬ್ಬ ಲೇಖಕನ ಕೈಯಿಂದ ಜಾರಿದ ಕಥೆಯನ್ನು ಒಬ್ಬ ಹಳೆಯ ವಾಚಕನು ಎತ್ತಿಕೊಂಡು ದಡ ಸೇರಿಸಿದನು.

ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಕುಮಾರವ್ಯಾಸ ಭಾರತದ ಗಮಕ ವಾಚನಕ್ಕೆ ಬಂದು ಕುಳಿತ ಹಿರಿಯರಿಗೆ ಯುದ್ಧದಲ್ಲಿ ಗೆಲ್ಲುವವರು ಯಾರೆಂಬುದು ತಿಳಿದೇ ಇತ್ತು. ಆದರೂ ಅವರು ಬಂದರು; ಕೇಳಿದ ಪ್ರಸಂಗವನ್ನೇ ಕೇಳಿದರು; ಕರ್ಣನು ಮಾಡಿದುದು ಸರಿಯೇ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಚರ್ಚಿಸಿದರು.

ಇಂದು ಯಾವ ಪುಸ್ತಕದ ಸಾರಾಂಶವಾದರೂ ಫೋನಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಪರೀಕ್ಷೆಯ ಉತ್ತರಗಳು ಗೈಡುಗಳಲ್ಲಿ ಸಿದ್ಧವಾಗಿರುತ್ತವೆ. ಇವು ಆ ಪದಕೋಶದಲ್ಲಿನ ಹೆಸರಿನಂತೆ: ಉತ್ತರವನ್ನು ಕೊಡುತ್ತವೆ, ಹುಡುಕುವ ಶಕ್ತಿಯನ್ನು ಕೊಡಲಾರವು. ಆದುದರಿಂದ ವಿದ್ಯಾರ್ಥಿಗಳು ಹಿಂದಿನ ವರ್ಷ ಮೆಚ್ಚಿ ಓದಿದ ಒಂದು ಪುಸ್ತಕವನ್ನು ಈ ವರ್ಷ ಮರಳಿ ಓದಬೇಕು. ಸಾಧ್ಯವಾದರೆ ಒಬ್ಬ ಗೆಳೆಯನೂ ಅದನ್ನೇ ಓದಲಿ. ಇಬ್ಬರ ಅಭಿಪ್ರಾಯಗಳು ಬೇರೆಯಾದ ಕಡೆಯಲ್ಲಿ ದನಿಯನ್ನು ಏರಿಸದೆ ಇಬ್ಬರೂ ಆ ಪುಟವನ್ನು ತೆರೆದು ನೋಡಲಿ.