ಫಾರೆಸ್ಟ್ ಬೇರೆ, ಪ್ಲಾಂಟೇಶನ್ ಬೇರೆ

ಇಂಗ್ಲಿಷಿನಲ್ಲಿ ‘ಫಾರೆಸ್ಟ್’ ಮತ್ತು ‘ಪ್ಲಾಂಟೇಶನ್’ ಎಂಬ ಎರಡು ಪದಗಳಿವೆ. ಮೊದಲನೆಯದು ನೂರಾರು ಬಗೆಯ ಗಿಡಮರಗಳೂ ಪ್ರಾಣಿಪಕ್ಷಿಗಳೂ ಕೂಡಿ ಬಾಳುವ ಕಾಡು. ಎರಡನೆಯದು ಸಾಲು ಹಿಡಿದು ನೆಟ್ಟು, ಅವಧಿ ತುಂಬಿದೊಡನೆ ಕಡಿದು ಸಾಗಿಸುವ ನೆಡುತೋಪು. ಮಲೆನಾಡಿನ ದನಗಾಹಿ ಬಾಲಕನೂ ಬಲ್ಲ ಈ ಭೇದ ಸರ್ಕಾರಿ ಕಡತಗಳಲ್ಲಿ ಮಾತ್ರ ಅಳಿಸಿಹೋಗುತ್ತದೆ.

ಈ ಪದಗೊಂದಲಕ್ಕೆ ಶಿವಮೊಗ್ಗ ಜಿಲ್ಲೆ ತೆತ್ತ ಬೆಲೆ ಅಲ್ಪವಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಮರದ ತಿರುಳು ಒದಗಿಸಲೆಂದು 1980ರಲ್ಲಿ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಅಲ್ಲಿ ಅಕೇಶಿಯಾ, ನೀಲಗಿರಿಗಳು ಎದ್ದುನಿಂತವು. 2015ರ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು ನಿಂತವು. ಆದರೂ 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಇನ್ನೂ 40 ವರ್ಷ ವಿಸ್ತರಿಸಲಾಯಿತು. ತಿರುಳು ಅರೆಯುವ ಯಂತ್ರವೇ ನಿಂತಿರುವಾಗ ತಿರುಳಿನ ತೋಪು ಯಾರಿಗಾಗಿ? ಈ ಪ್ರಶ್ನೆಯನ್ನೆತ್ತಿ ಜಿಲ್ಲೆಯ ಜನ ಹೋರಾಟಕ್ಕಿಳಿದರು. ಶಿವಮೊಗ್ಗ ನಗರದಲ್ಲಿಯೂ ಅಕೇಶಿಯಾ ವಿರೋಧಿ ದನಿ ಎದ್ದಿತು.

ಅಂಕಿಅಂಶಗಳ ಭಾಷೆ ಈ ಅನ್ಯಾಯವನ್ನು ಮರೆಮಾಡುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೂ ಮಿಕ್ಕ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರಗಳ ಹೊದಿಕೆಯಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವ ಜಾತಿಯದು, ನೆಲ ಯಾರದು ಎಂಬ ವಿಚಾರಣೆಯಿಲ್ಲ. ಹೀಗಾಗಿ ಹೊನ್ನೆ, ಮತ್ತಿ, ನಂದಿಗಳ ಕಾಡು ಉರುಳಿ ಅಕೇಶಿಯಾ ಬೆಳೆದರೂ ಉಪಗ್ರಹದ ಚಿತ್ರ ಹಸುರಾಗಿಯೇ ಇರುತ್ತದೆ. ವರದಿಯಲ್ಲಿ ನಷ್ಟ ಕಾಣುವುದಿಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ‘ಫಾರೆಸ್ಟ್’ ಪದವನ್ನು ನಿಘಂಟಿನ ಅರ್ಥದಲ್ಲಿ ಗ್ರಹಿಸಬೇಕೆಂದು ಹೇಳಿದ್ದು ಕಾಡಿನ ರಕ್ಷಣೆಗಾಗಿ. ಅದೇ ಪದ ಇಂದು ನೆಡುತೋಪಿಗೆ ಹೊದಿಸುವ ಶಾಲಾಗಿದೆ.

ಅಕೇಶಿಯಾ ಬೋಳುಗುಡ್ಡವನ್ನು ಹಸುರಾಗಿಸಿತು, ಸೌದೆ ಕೊಟ್ಟಿತು, ಕಾರ್ಮಿಕರಿಗೆ ಅನ್ನವಿತ್ತಿತು ಎಂಬ ವಾದವಿದೆ. ಅದರಲ್ಲಿ ಸತ್ಯವಿಲ್ಲವೆನ್ನಲಾಗದು. ಭದ್ರಾವತಿಯ ಕಾರ್ಮಿಕರ ಬದುಕು ಹಗುರವಾದ ವಿಷಯವಲ್ಲ. ಆದರೆ ಕಾರ್ಖಾನೆ ನಿಂತಾಗ ತೋಪು ಅವರ ಕೈಹಿಡಿಯಲಿಲ್ಲ. ಇತ್ತ ರೈತನ ಕೊಟ್ಟಿಗೆಗೆ ಅದು ಸೊಪ್ಪು ಕೊಡಲಿಲ್ಲ, ದನಕರುಗಳಿಗೆ ಮೇವಾಗಲಿಲ್ಲ. ಉಪ್ಪಾಗೆ, ದಾಲ್ಚಿನ್ನಿ, ಜೇನು ಕೊಡುವ ಕಾಡಿನ ಸ್ಥಾನವನ್ನೂ ತುಂಬಲಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಿರಲಿ. ಸರ್ಕಾರದ ಪ್ರತಿಯೊಂದು ವರದಿಯಲ್ಲಿಯೂ ನೈಸರ್ಗಿಕ ಕಾಡು ಎಷ್ಟು, ನೆಡುತೋಪು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಯಬೇಕು. ಗುತ್ತಿಗೆಯ ನೆಲದಲ್ಲಿ ಏಕಜಾತಿ ತೋಪನ್ನು ಮರಳಿ ನೆಡದೆ, ಸ್ಥಳೀಯ ಜಾತಿಗಳು ತಾವಾಗಿ ಮೇಲೇಳಲು ಬಿಡಬೇಕು. ಗ್ರಾಮಸಭೆಯ ಮುಂದೆ ‘ಅರಣ್ಯೀಕರಣ’ದ ಕಡತ ಬಂದಾಗ ಗ್ರಾಮಸ್ಥರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಾಡೋ, ತೋಪೋ?